ಐರಿಷ್, ಸ್ಕಾಟಿಷ್ ವಲಸಿಗರ ದಾರಿಯಲ್ಲಿ ಅಟ್ಲಾಂಟಿಕ್ ದಾಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದ ಕಡೆಯ ಊರಿನಿಂದ ಕೆಲಸಕ್ಕೆಂದು ಡಬ್ಲಿನ್‌ಗೆ ಬಂದವಳು. ಅಮ್ಮ ಇಲ್ಲಿಗೆ ಬಂದಾಗ ಇಬ್ಬರೂ ಈ ದಾರಿಯಲ್ಲಿ ಹಡಗು ಹತ್ತಿ ಕೆನಡಾಕ್ಕೆ ಹೋಗಿ ಬಂದೆವು. ಆಮೇಲೆ ಊರಿನವರು, ಇಲ್ಲಿನ ಕನ್ನಡದ ಗೆಳೆಯರು ಒಂದೇ ಥರದ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದಾರೆ. ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಇದು ಮಾಮೂಲಿ ಕ್ರೂಸ್‌ಗಿಂತ ಹೇಗೆ ಬೇರೆ?

ಹಡಗು ಅದೇ. ಊಟ, ಈಜುಕೊಳ, ಸಂಜೆಯ ಸಂಗೀತ ಎಲ್ಲ ಅದೇ. ಬೇರೆಯಾಗುವುದು ದಾರಿ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಲಕ್ಷಾಂತರ ಜನ ಬದುಕು ಹುಡುಕಿಕೊಂಡು ಯಾವ ಬಂದರುಗಳಿಂದ ಹೊರಟರೋ ಅಲ್ಲಿಂದಲೇ ನೀವೂ ಹೊರಡುತ್ತೀರಿ. ಅವರು ಇಳಿದ ಕಡೆಯೇ ಇಳಿಯುತ್ತೀರಿ. ಐರ್ಲೆಂಡ್‌ನಲ್ಲಿ ಕೋವ್, ಡಬ್ಲಿನ್, ಡೆರಿ. ಸ್ಕಾಟ್ಲೆಂಡ್‌ನಲ್ಲಿ ಗ್ರೀನಕ್. ಆ ಕಡೆ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್, ಹ್ಯಾಲಿಫ್ಯಾಕ್ಸ್, ಕ್ವಿಬೆಕ್, ನ್ಯೂಯಾರ್ಕ್.

ಇದಕ್ಕೆಂದೇ ತಯಾರಾದ ಪ್ಯಾಕೇಜ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನೀವೇ ಜೋಡಿಸಿಕೊಳ್ಳಬಹುದು. ಯುರೋಪಿನಲ್ಲಿ ಬೇಸಿಗೆ ಕಳೆದ ಹಲವು ಹಡಗುಗಳು ಆಗಸ್ಟ್ ಕೊನೆಗೆ, ಸೆಪ್ಟೆಂಬರ್‌ಗೆ ಕೆನಡಾ ಕಡೆ ಹೊರಡುತ್ತವೆ. ದಾರಿಯಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್‌ನ ಒಂದೆರಡು ಬಂದರು ಮುಟ್ಟುವ ಹಡಗು ಹುಡುಕಿ. ನಡುವೆ ಎಲ್ಲೂ ನಿಲ್ಲದೆ ಸಾಗರ ದಾಟಬೇಕು ಅನ್ನುವವರಿಗೆ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ 'ಕ್ವೀನ್ ಮೇರಿ 2' ಇದೆ. ಸಾಮಾನ್ಯವಾಗಿ 7 ರಾತ್ರಿ.

ಯಾವ ದಿಕ್ಕಿನಲ್ಲಿ ಹೋಗಬೇಕು? ಅಮೆರಿಕದಿಂದ ಈ ಕಡೆ ಬಂದರೆ ಆಗಲ್ವಾ?

ಆಗುತ್ತದೆ, ಆದರೆ ಬೇಡ. ಈ ವಿಷಯದಲ್ಲಿ ನನ್ನದು ಸ್ವಲ್ಪ ಹಟವೇ. ಪೂರ್ವದಿಂದ ಪಶ್ಚಿಮಕ್ಕೆ ಹೋಗಿ. ಹೊರಟ ಊರನ್ನು ನೋಡದೆ ಸೇರಿದ ಊರನ್ನು ನೋಡಿದರೆ ಅರ್ಧ ಕಥೆಯೂ ಸಿಗುವುದಿಲ್ಲ. ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ, ಅಂದರೆ ವಲಸಿಗರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ಜಾಗದಲ್ಲಿ, ನಿಂತು ನೋಡಿದರೆ ಎಲ್ಲ ಆಸೆಯ ಕಥೆಯಾಗಿ ಕಾಣುತ್ತದೆ. ಕೋವ್‌ನ ಹಳೆಯ ಕಟ್ಟೆಯ ಮೇಲೆ ನಿಂತರೆ ಅದರ ಬೆಲೆ ಕಾಣುತ್ತದೆ. ಹಡಗು ಹತ್ತುವ ಮೊದಲು ಕನಿಷ್ಠ 4–5 ದಿನ ನೆಲದ ಮೇಲೆ ಇಟ್ಟುಕೊಳ್ಳಿ.

ಇನ್ನೊಂದು ಅನುಕೂಲವೂ ಇದೆ. ಪಶ್ಚಿಮಕ್ಕೆ ಹೋಗುವಾಗ ಗಡಿಯಾರವನ್ನು ಒಂದೊಂದೇ ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬ್ರಿಟನ್‌ನಿಂದ ನ್ಯೂಯಾರ್ಕ್‌ಗೆ 5 ಗಂಟೆ ವ್ಯತ್ಯಾಸ. ಅಂದರೆ 5 ರಾತ್ರಿ ನಿಮಗೆ ಒಂದೊಂದು ಗಂಟೆ ಜಾಸ್ತಿ ನಿದ್ದೆ.

ಆ ಜನ ಯಾಕೆ ಊರು ಬಿಟ್ಟರು?

ಐರ್ಲೆಂಡ್‌ನಲ್ಲಿ ದೊಡ್ಡ ಕಾರಣ ಆಲೂಗಡ್ಡೆ. ಬಡವರ ಊಟ ಅಂದರೆ ಅದೊಂದೇ. ಅದರಲ್ಲೂ 'ಲಂಪರ್' ಅನ್ನುವ ಒಂದೇ ತಳಿಯನ್ನು ಎಲ್ಲ ಕಡೆ ಹಾಕಿದ್ದರು. 1845ರಲ್ಲಿ ಬೆಳೆಗೆ ರೋಗ ಬಿತ್ತು. ಎಲೆ ಕಪ್ಪಾಗಿ, ಗಡ್ಡೆ ಕೊಳೆತು ನಾರುವ ರೋಗ. ನಮ್ಮ ಹಾಸನದ ಬೆಳೆಗಾರರು ಅಂಗಮಾರಿ ಅನ್ನುತ್ತಾರಲ್ಲ, ಅದೇ. ಅದೇ ರೋಗಾಣು. ಮ್ಯೂಸಿಯಂನಲ್ಲಿ ಕೊಳೆತ ಗಡ್ಡೆಯ ಚಿತ್ರ ನೋಡಿದ ಕೂಡಲೇ ಅಮ್ಮ ಯಾರೂ ಹೇಳದೆಯೇ ಗುರುತು ಹಿಡಿದರು. "ಮೋಡ ಕವಿದು ತುಂತುರು ಹಿಡಿದರೆ ಎರಡೇ ದಿನ, ಹೊಲ ಕಪ್ಪಾಗುತ್ತೆ" ಅಂದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಅವತ್ತು ಔಷಧ ಇರಲಿಲ್ಲ. ಬೇರೆ ಬೆಳೆಯೂ ಇವರ ಕೈಯಲ್ಲಿರಲಿಲ್ಲ. ಧಾನ್ಯ ಬೆಳೆದರೂ ಅದು ಜಮೀನುದಾರನ ಗೇಣಿಗೆ ಹೋಗುತ್ತಿತ್ತು. ಜನ ಸಾಯುತ್ತಿದ್ದ ಹೊತ್ತಿನಲ್ಲೂ ದೇಶದಿಂದ ಆಹಾರ ಹೊರಗೆ ಹೋಗುತ್ತಿತ್ತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತಿದ್ದರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟಿದ್ದರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಸ್ಕಾಟ್ಲೆಂಡ್‌ನ ಕಥೆ ಇದಕ್ಕಿಂತ ಮೊದಲೇ ಶುರುವಾಗುತ್ತದೆ. ಉತ್ತರದ ಗುಡ್ಡಗಾಡಿನ ಜಮೀನುದಾರರಿಗೆ ಒಕ್ಕಲುಗಳಿಗಿಂತ ಕುರಿ ಲಾಭ ತರುತ್ತದೆ ಅನ್ನಿಸಿತು. ಹಳ್ಳಿಗೆ ಹಳ್ಳಿಯನ್ನೇ ಎಬ್ಬಿಸಿದರು. ಸದರ್‌ಲ್ಯಾಂಡ್‌ನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ, ಮತ್ತೆ 1819ರಲ್ಲಿ ಮನೆಗಳ ಸೂರಿಗೆ ಬೆಂಕಿ ಇಟ್ಟರು. ಮರ ಸಿಗುವುದೇ ಕಷ್ಟವಾಗಿದ್ದ ಆ ಕಡೆ ತೊಲೆ ಸುಟ್ಟರೆ ಜನ ವಾಪಸ್ ಬಂದು ಮನೆ ಕಟ್ಟುವ ಹಾಗಿಲ್ಲ. 1846ರಿಂದ ಅಲ್ಲಿಗೂ ಆಲೂಗಡ್ಡೆ ರೋಗ ಬಂತು.

ನಾವು ಐರಿಷ್ ಅಲ್ಲ, ಸ್ಕಾಟಿಷ್ ಅಲ್ಲ. ನಮಗ್ಯಾಕೆ ಈ ಪ್ರಯಾಣ?

ನಮ್ಮ ಹಡಗಿನಲ್ಲಿ ತಮ್ಮ ಮುತ್ತಜ್ಜ ಹೊರಟ ಊರು ಹುಡುಕಿ ಬಂದಿದ್ದ ಕೆನಡಾದವರು, ಅಮೆರಿಕದವರು ಬೇಕಾದಷ್ಟಿದ್ದರು. ನಮ್ಮನ್ನೂ ಅವರು ಇದೇ ಪ್ರಶ್ನೆ ಕೇಳಿದರು. ಅಮ್ಮ ಹೇಳಿದ್ದು ಇಷ್ಟೇ: "ನನ್ನ ಮಗಳೂ ಊರು ಬಿಟ್ಟು ಬಂದಿದ್ದಾಳೆ." ಅದನ್ನು ನಾನು ಇಂಗ್ಲಿಷ್‌ನಲ್ಲಿ ಹೇಳುವಾಗ ಗಂಟಲು ಕಟ್ಟಿತು.

ಒಂದು ಮಾತು ಮಾತ್ರ ನೆನಪಿರಲಿ. ನಮ್ಮ ವಲಸೆಗೂ ಅವರದಕ್ಕೂ ಹೋಲಿಕೆ ಇಲ್ಲ. ನಾನು ವಿಮಾನದಲ್ಲಿ ಬಂದೆ, ದಿನಾ ವಿಡಿಯೋ ಕಾಲ್ ಮಾಡುತ್ತೇನೆ. ಅವರಿಗೆ ಅದು ಒಂದೇ ಸಲದ ವಿದಾಯ. ಐರ್ಲೆಂಡ್‌ನಲ್ಲಿ ಸತ್ತವರ ಮನೆಯಲ್ಲಿ ಹೆಣ ಕಾಯುತ್ತ ರಾತ್ರಿಯೆಲ್ಲ ಕೂರುವ ಪದ್ಧತಿ ಇದೆ. ಅದಕ್ಕೆ 'ವೇಕ್' ಅನ್ನುತ್ತಾರೆ. ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿಯೂ ಹಾಗೇ ಕೂರುತ್ತಿದ್ದರು. ನೆರೆಯವರು ಬರುತ್ತಿದ್ದರು. ಹಾಡು, ಕುಣಿತ, ಕೊನೆಗೆ ಅಳು. ಅದನ್ನು 'ಅಮೆರಿಕನ್ ವೇಕ್' ಅಂದರು. ಬದುಕಿರುವವರಿಗೇ ಮಾಡಿದ ಸಾವಿನ ರಾತ್ರಿ ಅದು, ಯಾಕೆಂದರೆ ಮತ್ತೆ ನೋಡುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಹಡಗು ಹತ್ತುವ ಮೊದಲು ಐರ್ಲೆಂಡ್‌ನಲ್ಲಿ ಏನು ನೋಡಬೇಕು?

ಮೊದಲು ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್. ಹಳೆಯ ಜಮೀನುದಾರನ ಬಂಗಲೆಯ ಆವರಣದಲ್ಲೇ ಬರಗಾಲದ ರಾಷ್ಟ್ರೀಯ ಮ್ಯೂಸಿಯಂ ಇದೆ. 1847ರಲ್ಲಿ ಅಲ್ಲಿನ ಜಮೀನುದಾರ ಡೆನಿಸ್ ಮಾಹನ್ ಲೆಕ್ಕ ಹಾಕಿದ. ಒಕ್ಕಲುಗಳನ್ನು ಇಲ್ಲೇ ಸಾಕುವುದಕ್ಕಿಂತ ಟಿಕೆಟ್ ಕೊಟ್ಟು ಕೆನಡಾಕ್ಕೆ ಸಾಗಿಸುವುದು ಅಗ್ಗ. 1,490 ಜನರನ್ನು ಹೊರಡಿಸಿದ. ಮಕ್ಕಳು, ಮುದುಕರು ಎಲ್ಲರೂ ರಾಯಲ್ ಕಾಲುವೆಯ ದಂಡೆ ಹಿಡಿದು ಡಬ್ಲಿನ್‌ವರೆಗೆ ನಡೆದರು. ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ನಾಲ್ಕು ಹಡಗುಗಳಲ್ಲಿ ಕ್ವಿಬೆಕ್. ಅದರಲ್ಲಿ 'ವರ್ಜೀನಿಯಸ್' ಅನ್ನುವ ಹಡಗು ಹತ್ತಿದವರು 476. ಸಮುದ್ರದ ಮೇಲೆಯೇ ಸತ್ತವರು 158. ಅದೇ ವರ್ಷ ನವೆಂಬರ್‌ನಲ್ಲಿ ಮಾಹನ್‌ನನ್ನು ಯಾರೋ ಗುಂಡಿಟ್ಟು ಕೊಂದರು.

ಅವರು ನಡೆದ ದಾರಿ ಈಗ 165 ಕಿಲೋಮೀಟರ್‌ನ ಕಾಲುದಾರಿ. ಅಲ್ಲಲ್ಲಿ ಕಂಚಿನಲ್ಲಿ ಎರಕ ಹೊಯ್ದ ಮಕ್ಕಳ ಬೂಟುಗಳನ್ನು ಇಟ್ಟಿದ್ದಾರೆ. ಪೂರ್ತಿ ನಡೆಯಲು ಆಗದಿದ್ದರೂ ಒಂದು ಬೆಳಗ್ಗೆ ನಾಲ್ಕೈದು ಕಿಲೋಮೀಟರ್ ನಡೆಯಿರಿ. ಒಂದು ಜೊತೆ ಬೂಟಿನ ಹತ್ತಿರವಾದರೂ ನಿಲ್ಲಿ.

ಡಬ್ಲಿನ್‌ನಲ್ಲಿ ಲಿಫಿ ನದಿಯ ದಂಡೆಯಲ್ಲಿ ರೋವನ್ ಗಿಲೆಸ್ಪಿ ಮಾಡಿದ ಬರಗಾಲದ ಶಿಲ್ಪಗಳಿವೆ. ಕೃಶವಾದ ಆಕೃತಿಗಳು ಬಂದರಿನ ಕಡೆ ನಡೆಯುತ್ತಿವೆ. ನನ್ನ ಆಫೀಸಿಗೆ ಹೋಗುವ ದಾರಿ ಅದೇ. ಇವತ್ತಿಗೂ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಪಕ್ಕದಲ್ಲೇ ಆಗ ವಲಸಿಗರನ್ನು ಒಯ್ದ 'ಜೀನಿ ಜಾನ್‌ಸ್ಟನ್' ಹಡಗಿನ ಪ್ರತಿರೂಪ ನಿಂತಿದೆ. ದಕ್ಷಿಣದಲ್ಲಿ ನ್ಯೂ ರಾಸ್ ಊರಲ್ಲಿ 'ಡನ್‌ಬ್ರೋಡಿ'ಯ ಪ್ರತಿರೂಪ ಇದೆ. ಎರಡೂ ಮೂಲ ಹಡಗುಗಳನ್ನು ಕಟ್ಟಿದ್ದು ಕ್ವಿಬೆಕ್‌ನಲ್ಲಿ.

ಆಗಿನ ಹಡಗಿನಲ್ಲಿ ಜನ ಹೇಗಿರುತ್ತಿದ್ದರು?

ಇವು ಹೆಚ್ಚಾಗಿ ಮರದ ದಿಮ್ಮಿ ಸಾಗಿಸುವ ಹಡಗುಗಳು. ಕೆನಡಾದಿಂದ ಈ ಕಡೆ ಮರ ತರುತ್ತಿದ್ದವು. ವಾಪಸ್ ಹೋಗುವಾಗ ಹೊಟ್ಟೆ ಖಾಲಿ. ಖಾಲಿ ಹಡಗು ಸಮುದ್ರದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಭಾರ ಬೇಕು. ಆ ಭಾರವಾಗಿ ಮನುಷ್ಯರನ್ನು ತುಂಬಿದರು. ಕೆನಡಾಕ್ಕೆ ಟಿಕೆಟ್ ಅಗ್ಗವಾಗಿದ್ದಕ್ಕೆ ಇದೂ ಒಂದು ಕಾರಣ. ಮರ ಜೋಡಿಸುತ್ತಿದ್ದ ಕೆಳ ಡೆಕ್‌ನಲ್ಲೇ ಹಲಗೆಯ ಮಂಚ ಹೊಡೆದು ಕೊಡುತ್ತಿದ್ದರು. ಆರು ಅಡಿ ಅಗಲ, ಆರು ಅಡಿ ಉದ್ದದ ಒಂದು ಮಂಚದಲ್ಲಿ ನಾಲ್ಕು ಜನ. ಪರಿಚಯ ಇಲ್ಲದವರೂ ಒಟ್ಟಿಗೇ.

ಅಂದಿನ ಬ್ರಿಟಿಷ್ ಕಾನೂನಿನ ಪ್ರಕಾರ ದೊಡ್ಡವರೊಬ್ಬರಿಗೆ ವಾರಕ್ಕೆ 7 ಪೌಂಡ್, ಅಂದರೆ ಸುಮಾರು ಮೂರು ಕಿಲೋ ಹಿಟ್ಟೋ, ಬಿಸ್ಕತ್ತೋ, ಅಕ್ಕಿಯೋ ಕೊಡಬೇಕು. ದಿನಕ್ಕೆ ಸುಮಾರು ಮೂರೂವರೆ ಲೀಟರ್ ನೀರು. ಕುಡಿಯಲು, ಬೇಯಿಸಲು, ತೊಳೆಯಲು ಎಲ್ಲಕ್ಕೂ ಅದೇ. ಅಷ್ಟನ್ನೂ ಸರಿಯಾಗಿ ಕೊಡದ ಹಡಗುಗಳಿದ್ದವು. ಬಿರುಗಾಳಿ ಬಂದರೆ ಮೇಲಿನ ಬಾಗಿಲು ಮುಚ್ಚಿಬಿಡುತ್ತಿದ್ದರು. ಕತ್ತಲೆ, ವಾಂತಿ, ಹೇನು. ಹೇನಿನಿಂದ ಟೈಫಸ್ ಜ್ವರ. ಗಾಳಿ ಚೆನ್ನಾಗಿದ್ದರೆ 5–6 ವಾರ, ಇಲ್ಲದಿದ್ದರೆ ಎರಡು ತಿಂಗಳಿಗೂ ಮೀರಿ. 'ಶವಪೆಟ್ಟಿಗೆ ಹಡಗು' ಅನ್ನುವ ಹೆಸರು ಬಂದದ್ದು ಹೀಗೆ.

ಸ್ಟೀಫನ್ ಡಿ ವೀರ್ ಅನ್ನುವ ಲಿಮರಿಕ್‌ನ ಸಿರಿವಂತ ಮನೆತನದವನು 1847ರಲ್ಲಿ ಬೇಕೆಂದೇ ಈ ಕೆಳ ಡೆಕ್‌ನಲ್ಲಿ ಬಡವರ ಜೊತೆ ಕ್ವಿಬೆಕ್‌ಗೆ ಹೋದ. ಕಂಡದ್ದನ್ನೆಲ್ಲ ಪತ್ರದಲ್ಲಿ ಬರೆದ. ಆ ಪತ್ರ ಸರ್ಕಾರದವರೆಗೆ ತಲುಪಿ ಕಾನೂನು ಬಿಗಿ ಮಾಡಲು ನೆರವಾಯಿತು. ಎಷ್ಟು ದೊಡ್ಡ ಮನಸ್ಸು ಅಲ್ವಾ!

ಎಲ್ಲ ಹಡಗುಗಳೂ ಹಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಜೀನಿ ಜಾನ್‌ಸ್ಟನ್ 1848ರಿಂದ 1855ರವರೆಗೆ 16 ಸಲ ವಲಸಿಗರನ್ನು ಕರೆದೊಯ್ದಿತು. ಒಬ್ಬ ಪ್ರಯಾಣಿಕರೂ ಸಾಯಲಿಲ್ಲ. ಅದರಲ್ಲಿ ಡಾಕ್ಟರ್ ಇದ್ದ. ದಿನಾ ಹಾಸಿಗೆಗಳನ್ನು ಮೇಲಿನ ಡೆಕ್‌ಗೆ ತಂದು ಗಾಳಿಗೆ ಹಾಕಿಸುತ್ತಿದ್ದರು. ಅಷ್ಟು ಮಾಡಿದ್ದರೆ ಉಳಿದ ಕಡೆಯೂ ಎಷ್ಟೋ ಜೀವ ಉಳಿಯುತ್ತಿತ್ತು.

ಸ್ಕಾಟ್ಲೆಂಡ್ ಭಾಗಕ್ಕೆ ಎಷ್ಟು ದಿನ ಬೇಕು?

ಗ್ರೀನಕ್‌ನಲ್ಲಿ ಹಡಗು ಒಂದು ದಿನ ನಿಲ್ಲುತ್ತದೆ ಅಷ್ಟೇ. ಹೆಚ್ಚಿನವರು ಗ್ಲಾಸ್ಗೋ ನೋಡಲು ಓಡುತ್ತಾರೆ. ಆದರೆ ಜನ ಎಲ್ಲಿಂದ ಎದ್ದು ಬಂದರು ಅನ್ನುವುದು ಗೊತ್ತಾಗಬೇಕಾದರೆ ಉತ್ತರಕ್ಕೆ ಹೋಗಬೇಕು. ಅದಕ್ಕೆ ಬೇರೆಯೇ ಮೂರು ದಿನ ಬೇಕು. ಹೆಲ್ಮ್ಸ್‌ಡೇಲ್‌ನಲ್ಲಿ ವಲಸಿಗರ ಪ್ರತಿಮೆ ಇದೆ: ಗಂಡ, ಹೆಂಡತಿ, ಇಬ್ಬರು ಮಕ್ಕಳು. ತಾಯಿ ಮಾತ್ರ ಹಿಂದೆ ತಿರುಗಿ ಕಣಿವೆಯನ್ನು ನೋಡುತ್ತಿದ್ದಾಳೆ. ಇದೇ ಪ್ರತಿಮೆಯ ಜೋಡಿ ಕೆನಡಾದ ವಿನಿಪೆಗ್‌ನಲ್ಲೂ ಇದೆ.

ವಲಸೆ 19ನೇ ಶತಮಾನಕ್ಕೇ ಮುಗಿಯಲಿಲ್ಲ. 1923ರ ಏಪ್ರಿಲ್‌ನಲ್ಲಿ ಲೂಯಿಸ್ ದ್ವೀಪದ ಸ್ಟಾರ್ನೋವೇ ಬಂದರಿನಿಂದ 'ಮೆಟಗಾಮ' ಅನ್ನುವ ಹಡಗಿನಲ್ಲಿ ಸುಮಾರು 300 ಜನ ಒಂದೇ ದಿನ ಕೆನಡಾಕ್ಕೆ ಹೊರಟರು. ಹೆಚ್ಚಿನವರು ಇಪ್ಪತ್ತರ ಹರೆಯದವರು. ಮೊದಲ ಮಹಾಯುದ್ಧದಲ್ಲಿ ಗಂಡುಮಕ್ಕಳನ್ನು ಕಳೆದುಕೊಂಡಿದ್ದ ದ್ವೀಪ ಅದು.

ಸಮುದ್ರದ ಮೇಲಿನ ದಿನಗಳು ಬೇಜಾರಾಗುವುದಿಲ್ವಾ?

ಮೊದಲ ದಿನ ಆಗಬಹುದು. ನನ್ನ ಸಲಹೆ ಇಷ್ಟೇ. ಒಂದು ಪ್ರಯಾಣಿಕರ ಪಟ್ಟಿ ಜೊತೆಗೆ ಒಯ್ಯಿರಿ. ಆಗಿನ ಹಡಗುಗಳ ಪಟ್ಟಿಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಹೆಸರು, ವಯಸ್ಸು, ಕಸುಬು. ದಿನಕ್ಕೆ ಒಂದು ಪುಟ ಓದಿ. ನಾಲ್ಕನೇ ದಿನದ ಹೊತ್ತಿಗೆ ಸುತ್ತ ನೀರು ಬಿಟ್ಟು ಏನೂ ಇಲ್ಲದಾಗ ಆ ಹೆಸರುಗಳು ಹತ್ತಿರವಾಗುತ್ತವೆ. 'ಕೂಲಿ', 'ಮನೆಗೆಲಸ' ಅಂತ ಸಾಲಿಗೆ ಸಾಲೇ ಇರುತ್ತದೆ. ಹದಿನೆಂಟು, ಹತ್ತೊಂಬತ್ತರ ಹುಡುಗಿಯರು ಒಬ್ಬೊಬ್ಬರೇ ಹೋಗಿದ್ದಾರೆ.

ಸಮುದ್ರ ಹಾಯುವಾಗ ತಲೆಸುತ್ತು, ವಾಂತಿ?

ಉತ್ತರ ಅಟ್ಲಾಂಟಿಕ್ ಒರಟು ಸಮುದ್ರ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ವಲ್ಪ ಶಾಂತ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನ ಕ್ಯಾಬಿನ್ ತೆಗೆದುಕೊಳ್ಳಿ. ಅಲ್ಲಿ ಓಲಾಟ ಕಡಿಮೆ. ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಅಮ್ಮ ಒಣಶುಂಠಿ ಚೂರು ಬಾಯಲ್ಲಿ ಇಟ್ಟುಕೊಂಡೇ ದಾಟಿದರು.

ಸಸ್ಯಾಹಾರ ಸಿಗುತ್ತದಾ?

ಸಿಗುತ್ತದೆ. ಬುಕ್ ಮಾಡುವಾಗಲೇ ಬರೆಸಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವ ಮುಂಚೆ ಆಯಾ ದೇಶದ ನಿಯಮ ನೋಡಿ. ಕೆನಡಾ, ಅಮೆರಿಕದಲ್ಲಿ ಇಳಿಯುವಾಗ ಆಹಾರ ಪದಾರ್ಥ ಇದ್ದರೆ ಹೇಳಲೇಬೇಕು.

ವೀಸಾ ಏನೇನು ಬೇಕು?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇದೇ ದೊಡ್ಡ ತಲೆನೋವು. ಐರ್ಲೆಂಡ್ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಇಲ್ಲ. ಬ್ರಿಟನ್ನೂ ಇಲ್ಲ. ಇಬ್ಬರದೂ ಬೇರೆ ಬೇರೆ ವೀಸಾ. ಭಾರತೀಯರಿಗೆ ಎರಡೂ ಕಡೆ ಒಂದೇ ವೀಸಾದಲ್ಲಿ ಓಡಾಡುವ ವ್ಯವಸ್ಥೆ ಇದೆ, ಆದರೆ ವೀಸಾ ಮೇಲೆ ಆ ಗುರುತು ಇರಬೇಕು, ಮತ್ತು ಕೊಟ್ಟ ದೇಶಕ್ಕೇ ಮೊದಲು ಹೋಗಬೇಕು. ಡೆರಿ, ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದವು ಅನ್ನುವುದು ನೆನಪಿರಲಿ. ಆಮೇಲೆ ಕೆನಡಾ, ಅಮೆರಿಕ. ದಾರಿಯಲ್ಲಿ ಐಸ್‌ಲ್ಯಾಂಡ್ ಇದ್ದರೆ ಷೆಂಗೆನ್ ವೀಸಾ.

ಹಡಗಿನಿಂದ ಇಳಿಯದಿದ್ದರೂ ವೀಸಾ ಕೇಳಬಹುದು. ನಮಗೆ ಟಿಕೆಟ್ ಮಾಡಿಕೊಟ್ಟವರು ಒಂದು ಬಂದರಿಗೆ ಬೇಡ ಅಂದಿದ್ದರು. ಹೊರಡಲು ಐದು ವಾರ ಇರುವಾಗ ನಾನೇ ಸುಮ್ನೆ ಒಮ್ಮೆ ವಿಚಾರಿಸಿದೆ, ಬೇಕಿತ್ತು. ಅಮ್ಮನ ವೀಸಾ ಕೈಗೆ ಬಂದದ್ದು ಹೊರಡುವ ನಾಲ್ಕು ದಿನ ಮೊದಲು. ಆದ್ದರಿಂದ ಬೇರೆಯವರ ಮಾತು ನಂಬಬೇಡಿ. ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನೇ ನೋಡಿ, ಆರೇಳು ತಿಂಗಳು ಮೊದಲೇ ಶುರು ಮಾಡಿ.

ಖರ್ಚು?

ಹಡಗು, ತಿಂಗಳು, ಕ್ಯಾಬಿನ್ ನೋಡಿ ದರ ಬದಲಾಗುತ್ತದೆ. ಸೀಸನ್ ಬದಲಾದಾಗ ಒಂದೇ ದಿಕ್ಕಿಗೆ ಹೋಗುವ ಹಡಗುಗಳಲ್ಲಿ ದಿನದ ಲೆಕ್ಕಕ್ಕೆ ಕಡಿಮೆ ಬೀಳುವುದುಂಟು. ವಾಪಸ್ ವಿಮಾನದ ಖರ್ಚು ಸೇರಿಸಿಕೊಳ್ಳಿ. ಒಬ್ಬರೇ ಹೋದರೆ ಕ್ಯಾಬಿನ್‌ಗೆ ಜಾಸ್ತಿ ಕೊಡಬೇಕು.

ಜೀನಿ ಜಾನ್‌ಸ್ಟನ್‌ನಲ್ಲಿ ಆ ಕಾಲದಲ್ಲಿ ಟಿಕೆಟ್ 3 ಪೌಂಡ್ 10 ಶಿಲ್ಲಿಂಗ್ ಇತ್ತು. ಕೂಲಿಯವನಿಗೆ ಅದು ಹತ್ತಿರ ಹತ್ತಿರ ಅರ್ಧ ವರ್ಷದ ದುಡಿಮೆ. ಅದಕ್ಕೇ ಇಡೀ ಮನೆ ಒಟ್ಟಿಗೆ ಹೋಗುವುದು ಕಷ್ಟವಿತ್ತು. ಒಬ್ಬಳು ಅಕ್ಕ ಹೋಗಿ, ಮನೆಗೆಲಸ ಮಾಡಿ, ದುಡ್ಡು ಕೂಡಿಸಿ ತಮ್ಮನಿಗೆ ಟಿಕೆಟ್ ಕಳಿಸುತ್ತಿದ್ದಳು. ಅವನು ಇನ್ನೊಬ್ಬರಿಗೆ.

ಆ ಕಡೆ ಇಳಿದ ಮೇಲೆ ಬಿಡಲೇಬಾರದ ಜಾಗ ಯಾವುದು?

ಗ್ರೋಸ್ ಈಲ್. ಕ್ವಿಬೆಕ್ ಪಟ್ಟಣಕ್ಕಿಂತ ಸುಮಾರು 50 ಕಿಲೋಮೀಟರ್ ಕೆಳಗೆ, ಸೇಂಟ್ ಲಾರೆನ್ಸ್ ನದಿಯ ನಡುವಿನ ಸಣ್ಣ ದ್ವೀಪ. ಕಾಲರಾ ತಡೆಯಲು 1832ರಲ್ಲಿ ಅಲ್ಲಿ ಕ್ವಾರಂಟೈನ್ ಶುರು ಮಾಡಿದರು. 1847ರ ಬೇಸಿಗೆಯಲ್ಲಿ ಜ್ವರದ ಹಡಗುಗಳು ನದಿಯಲ್ಲಿ ಮೈಲಿಗಟ್ಟಲೆ ಸಾಲು ನಿಂತವು. ಮಲಗಿಸಲು ಜಾಗ ಇಲ್ಲ. ನೋಡಿಕೊಳ್ಳಲು ಬಂದ ಡಾಕ್ಟರುಗಳು, ಪಾದ್ರಿಗಳೂ ಜ್ವರ ಹತ್ತಿ ಸತ್ತರು. ಆ ಒಂದೇ ವರ್ಷ ಅಲ್ಲಿ ಮಣ್ಣು ಮಾಡಿದವರು 5,000ಕ್ಕೂ ಹೆಚ್ಚು. ಸಾಲು ಸಾಲಾಗಿ ಹೂತ ನೆಲ ಇವತ್ತಿಗೂ ಉಬ್ಬು ತಗ್ಗಾಗಿ, ಉತ್ತ ಹೊಲದ ಹಾಗೆ ಕಾಣುತ್ತದೆ.

ತಬ್ಬಲಿಯಾದ ಎಷ್ಟೋ ಮಕ್ಕಳನ್ನು ಫ್ರೆಂಚ್ ಮಾತಾಡುವ ಕೆನಡಾದ ಮನೆಗಳು ಸಾಕಿಕೊಂಡವು. ಕೆಲವರ ಐರಿಷ್ ಮನೆತನದ ಹೆಸರನ್ನು ಹಾಗೇ ಉಳಿಸಿದರು. ಕ್ವಿಬೆಕ್‌ನಲ್ಲಿ ಈಗಲೂ ಫ್ರೆಂಚ್ ಮಾತ್ರ ಬರುವ ಐರಿಷ್ ಹೆಸರಿನವರು ಸಿಗುತ್ತಾರೆ. 1909ರಲ್ಲಿ ದ್ವೀಪದ ಎತ್ತರದಲ್ಲಿ ದೊಡ್ಡ ಕಲ್ಲಿನ ಶಿಲುಬೆ ನಿಲ್ಲಿಸಿದರು. ಬರಹ ಮೂರು ಭಾಷೆಯಲ್ಲಿದೆ. ಇಂಗ್ಲಿಷ್, ಫ್ರೆಂಚ್ ಬರಹ ಮೃದು. ಐರಿಷ್ ಬರಹ ಇದನ್ನು ಮನುಷ್ಯರು ಮಾಡಿದ ಬರ ಅಂತಲೇ ಹೇಳುತ್ತದೆ.

ದೊಡ್ಡ ಕ್ರೂಸ್ ಹಡಗುಗಳು ಇಲ್ಲಿಗೆ ಕಟ್ಟುವುದಿಲ್ಲ. ಬರ್ತಿಯೆ-ಸುರ್-ಮೆರ್ ಅನ್ನುವ ಊರಿನಿಂದ ದೋಣಿ ಇದೆ, ಚಳಿಗಾಲದಲ್ಲಿ ಇಲ್ಲ. ಅದಕ್ಕೆಂದೇ ಕ್ವಿಬೆಕ್‌ನಲ್ಲಿ ಎರಡು ದಿನ ಇಟ್ಟುಕೊಳ್ಳಿ.

ಸ್ಕಾಟಿಷ್ ಗುರುತು ಎಲ್ಲಿ ಜಾಸ್ತಿ?

ನೋವಾ ಸ್ಕೋಷಿಯಾದಲ್ಲಿ. ಹೆಸರಿನ ಅರ್ಥವೇ ಹೊಸ ಸ್ಕಾಟ್ಲೆಂಡ್. 1773ರ ಸೆಪ್ಟೆಂಬರ್‌ನಲ್ಲಿ 'ಹೆಕ್ಟರ್' ಅನ್ನುವ ಹಡಗು ಸುಮಾರು 190 ಜನರನ್ನು ಪಿಕ್ಟೋ ಬಂದರಿಗೆ ತಂದಿತು. ದಾರಿಯಲ್ಲಿ ಸಿಡುಬು, ಭೇದಿಗೆ ಹಲವು ಮಕ್ಕಳು ತೀರಿಕೊಂಡಿದ್ದರು. ಹೊಲ ಸಿಗುತ್ತದೆ ಅಂದುಕೊಂಡು ಬಂದವರಿಗೆ ಕಂಡದ್ದು ದಟ್ಟ ಕಾಡು. ಆ ಹಡಗಿನ ಪ್ರತಿರೂಪವನ್ನು ಪಿಕ್ಟೋದಲ್ಲೇ ಕಟ್ಟಿದ್ದಾರೆ. ಇನ್ನೂ ಮುಂದೆ ಕೇಪ್ ಬ್ರೆಟನ್‌ಗೆ ಹೋದರೆ ಸ್ಕಾಟಿಷ್ ಗೇಲಿಕ್ ಭಾಷೆಯನ್ನು ಇವತ್ತಿಗೂ ಉಳಿಸಿಕೊಂಡವರು ಸಿಗುತ್ತಾರೆ.

ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿ ಟ್ಯಾಕ್ಸಿ ಹತ್ತಿದಾಗ ನಾನು ಬೆಚ್ಚಿದೆ. ಮಾತಿನ ಧಾಟಿ ಐರ್ಲೆಂಡ್‌ನ ವಾಟರ್‌ಫರ್ಡ್ ಕಡೆಯದೇ! ಮೀನುಗಾರಿಕೆಗೆ ಆ ಕಡೆಯಿಂದಲೇ ಜನ ಬಂದಿದ್ದರು.

ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಜನರ ಹೆಸರು ಬದಲಿಸಿದ್ದು ನಿಜವಾ?

ಇಲ್ಲ. ಹಡಗಿನವರು ಹೊರಡುವಾಗಲೇ ಬರೆದ ಪಟ್ಟಿಯನ್ನು ಹಿಡಿದು ಅಧಿಕಾರಿಗಳು ತಾಳೆ ನೋಡುತ್ತಿದ್ದರು ಅಷ್ಟೇ. ಹೆಸರು ಬದಲಿಸಿಕೊಂಡವರು ಆಮೇಲೆ ತಾವೇ ಬದಲಿಸಿಕೊಂಡರು. ಬರಗಾಲದ ಕಾಲದವರು ಎಲ್ಲಿಸ್ ದ್ವೀಪ ನೋಡಲೇ ಇಲ್ಲ ಅನ್ನುವುದೂ ಗೊತ್ತಿರಲಿ. ಅದು ಶುರುವಾದದ್ದು 1892ರಲ್ಲಿ.

ಒಂದೇ ದಿನ ಸಮಯ ಇದೆ, ಹಡಗಿಗೆ ದುಡ್ಡೂ ಇಲ್ಲ. ಏನು ಮಾಡಲಿ?

ಕೋವ್‌ಗೆ ಹೋಗಿ. ಕಾರ್ಕ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಬ್ರಿಟಿಷರ ಕಾಲದಲ್ಲಿ ಈ ಊರಿನ ಹೆಸರು ಕ್ವೀನ್ಸ್‌ಟೌನ್. ಸುಮಾರು ನೂರು ವರ್ಷದಲ್ಲಿ ಇಲ್ಲಿಂದಲೇ 25 ಲಕ್ಷ ಜನ ಹೊರಟರು. ನೀವು ಇಳಿಯುವ ರೈಲು ನಿಲ್ದಾಣದಲ್ಲೇ ಅವರೂ ಇಳಿದರು. ಹಳೆಯ ಕಟ್ಟಡದಲ್ಲಿ ಈಗ ಅವರ ಮ್ಯೂಸಿಯಂ ಇದೆ.

ಹೊರಗೆ ನೀರಿನ ಅಂಚಿನಲ್ಲಿ ಆನಿ ಮೂರ್ ಪ್ರತಿಮೆ. 1891ರ ಡಿಸೆಂಬರ್ 20ರಂದು ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಈ ಹುಡುಗಿ ಹಡಗು ಹತ್ತಿದಳು. ಅಪ್ಪ ಅಮ್ಮ ಮೊದಲೇ ನ್ಯೂಯಾರ್ಕ್‌ನಲ್ಲಿದ್ದರು. 1892ರ ಜನವರಿ 1ರಂದು ಎಲ್ಲಿಸ್ ದ್ವೀಪದ ಬಾಗಿಲು ದಾಟಿದ ಮೊದಲ ವಲಸಿಗಳು ಅವಳೇ. ಚಿಕ್ಕ ತಮ್ಮ ಕೈ ಚಾಚಿ ಸಮುದ್ರದ ಕಡೆ ತೋರಿಸುತ್ತಿದ್ದಾನೆ. ಆನಿ ಹಿಂದೆ ತಿರುಗಿ ಊರನ್ನು ನೋಡುತ್ತಿದ್ದಾಳೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಟೈಟಾನಿಕ್ ಕಂಪನಿಯ ಹಳೆಯ ಕಟ್ಟೆ ಸಿಗುತ್ತದೆ. 1912ರ ಏಪ್ರಿಲ್ 11ರಂದು 123 ಜನ ಅಲ್ಲಿಂದ ಸಣ್ಣ ದೋಣಿ ಹತ್ತಿ ಆ ಹಡಗಿಗೆ ಹೋದರು. ಹೆಚ್ಚಿನವರು ಮೂರನೇ ದರ್ಜೆಯವರು. ಈಗ ಅಲ್ಲಿ ಉಳಿದಿರುವುದು ನೀರಲ್ಲಿ ನೆನೆದು ಸವೆದ ಮರದ ಕಂಬಗಳು. ನೀರು ಇಳಿದ ಹೊತ್ತಿಗೆ ಹೋಗಿ, ಚೆನ್ನಾಗಿ ಕಾಣುತ್ತವೆ. ಕಾರ್ಕ್‌ಗೆ ವಾಪಸ್ ರೈಲು ಸಂಜೆಯೂ ಇರುತ್ತದೆ.